ಒಂದೇ ಮೇನ್‌ಫ್ರೇಮ್, ಒಳಗೆ ಸಾವಿರ ಲಿನಕ್ಸ್

ಕಲಬುರಗಿಯ ಎಂಜಿನಿಯರಿಂಗ್ ಹುಡುಗರ ಮುಂದೆ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳಲ್ಲಿ ಹಲವರು ಒಟ್ಟಿಗೆ ಬಳಸುವ ಭಾರೀ ಕಂಪ್ಯೂಟರ್) ಮಾತೆತ್ತಿದರೆ ಸಾಕು, "ಅದು ಯಾವಾಗೋ ಸತ್ತು ಹೋಗ್ಯಾದಲ್ರೀ ಸರ್" ಎನ್ನುತ್ತಾರೆ. ಅವರು ಅದನ್ನು ಕಣ್ಣಿಂದ ನೋಡಿಲ್ಲ, ಹಾಗಾಗಿ ಆ ಮಾತು ಸಹಜವೇ. ಆದರೆ ಇದೇ ಹುಡುಗರು ನಾಳೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬಾಡಿಗೆಯ ಕ್ಲೌಡ್ ಸರ್ವರ್ ಮೇಲೆ ಕೆಲಸ ಮಾಡುತ್ತಾರೆ. ಒಂದು ಕಂಪ್ಯೂಟರನ್ನು ಹಲವು ಕಂಪ್ಯೂಟರ್‌ಗಳಂತೆ ತೋರಿಸುವ ಆ ಉಪಾಯ ಹುಟ್ಟಿದ್ದು ಮೇನ್‌ಫ್ರೇಮ್‌ನಲ್ಲೇ.

ಐಬಿಎಂ ತನ್ನ ಸಿಸ್ಟಂ/360 ಯಂತ್ರಗಳನ್ನು ಘೋಷಿಸಿದ್ದು 1964ರಲ್ಲಿ. ಯಂತ್ರ ವಿಪರೀತ ದುಬಾರಿ, ಬಳಸುವವರು ಜಾಸ್ತಿ. ಪ್ರತಿಯೊಬ್ಬನಿಗೂ ಇಡೀ ಯಂತ್ರ ತನಗೇ ಬೇಕು. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೋಮೋ ಅವರ ತಂಡ ಇದಕ್ಕೊಂದು ದಾರಿ ಹುಡುಕಿತು. ಎಲ್ಲರಿಗೂ ಇಡೀ ಯಂತ್ರ ಸಿಕ್ಕಂತೆ ನಂಬಿಸಿಬಿಡುವುದು! 1967ರ ಹೊತ್ತಿಗೆ ಬಳಕೆಗೆ ಬಂದ ಅವರ ಸಿಪಿ-40 ಎಂಬ ತಂತ್ರಾಂಶ, ಒಂದು ಯಂತ್ರವನ್ನು 14 ಯಂತ್ರಗಳಂತೆ ತೋರಿಸುತ್ತಿತ್ತು. ಒಂದೊಂದಕ್ಕೂ 256 ಕೆಬಿ ಮೆಮೊರಿ. 1972ರಲ್ಲಿ ಇದೇ ವಂಶದ ವಿಎಂ/370 ಬಂತು (ವಿಎಂ ಎಂದರೆ ವರ್ಚುವಲ್ ಮಶೀನ್, ತೋರಿಕೆಯ ಯಂತ್ರ). ಇವತ್ತಿನ ಜ಼ೆಡ್/ವಿಎಂ ಅದರ ಮೊಮ್ಮಗ.

ನಂಬಿಸುವುದು ಹೇಗೆ? ಪ್ರೊಸೆಸರ್‌ಗೆ ಎರಡು ಬಗೆಯ ಆದೇಶಗಳಿರುತ್ತವೆ. ಕೂಡು, ಕಳೆ, ಹೋಲಿಸು ಎನ್ನುವವನ್ನು ಯಾರು ಬೇಕಾದರೂ ಕೊಡಬಹುದು. ಡಿಸ್ಕ್ ಓದು, ಮೆಮೊರಿಯ ಬೀಗ ಬದಲಿಸು ಎನ್ನುವ ಆದೇಶಗಳು ಮಾತ್ರ ಆಪರೇಟಿಂಗ್ ಸಿಸ್ಟಂನ ಸ್ವತ್ತು. ವಿಎಂ ತನ್ನೊಳಗಿನ ತೋರಿಕೆಯ ಯಂತ್ರಗಳಲ್ಲಿ ಓಡುವ ಆಪರೇಟಿಂಗ್ ಸಿಸ್ಟಂಗಳನ್ನು, ಅಂದರೆ ಅತಿಥಿಗಳನ್ನು, ಆ ಅಧಿಕಾರ ಕಿತ್ತುಕೊಂಡೇ ಓಡಿಸುತ್ತದೆ. ಅತಿಥಿ ಸಾಮಾನ್ಯ ಲೆಕ್ಕ ಮಾಡುವಾಗ ಯಾರೂ ಅಡ್ಡ ಬರುವುದಿಲ್ಲ, ಲೆಕ್ಕ ನೇರ ಪ್ರೊಸೆಸರ್ ಮೇಲೆಯೇ ಪೂರ್ತಿ ವೇಗದಲ್ಲಿ ಓಡುತ್ತದೆ. ಅಧಿಕಾರದ ಆದೇಶ ಕೊಟ್ಟ ಕೂಡಲೇ ಹಾರ್ಡ್‌ವೇರ್ ತಡೆದು ವಿಎಂಗೆ ಸುದ್ದಿ ಮುಟ್ಟಿಸುತ್ತದೆ. ವಿಎಂ ಆ ಕೆಲಸವನ್ನು ತಾನೇ ಮಾಡಿ, ಏನೂ ಆಗಿಲ್ಲವೆಂಬಂತೆ ಅತಿಥಿಯನ್ನು ಮುಂದಕ್ಕೆ ಬಿಡುತ್ತದೆ. ಈ ಆಟ ಎಷ್ಟು ಪಕ್ಕಾ ಎಂದರೆ ವಿಎಂ ಒಳಗೇ ಇನ್ನೊಂದು ವಿಎಂ ಓಡಿಸಬಹುದು. ಹೊಸ ವಿಎಂ ಬರೆಯುವವರು ಅದನ್ನು ಪರೀಕ್ಷಿಸುತ್ತಿದ್ದದ್ದೂ ಹಾಗೆಯೇ.

ಮುಕ್ತ ತಂತ್ರಾಂಶ ಈ ಲೋಕಕ್ಕೆ ಕಾಲಿಟ್ಟಿದ್ದು ತಡವಾಗಿ. 1999ರ ಡಿಸೆಂಬರ್‌ನಲ್ಲಿ ಐಬಿಎಂ ತನ್ನ ಎಸ್/390 ಮೇನ್‌ಫ್ರೇಮ್‌ಗಳಿಗಾಗಿ, ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಕರ್ನಲ್‌ಗೆ (ತಿರುಳಿಗೆ) ಬೇಕಾದ ತಿದ್ದುಪಡಿಗಳನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ನಡೆದ ಕೆಲಸ ಅದು. ಅದಕ್ಕೂ ಮೊದಲೇ ಹೊರಗಿನ ಉತ್ಸಾಹಿಗಳು ಬಿಗ್‌ಫುಟ್ ಹೆಸರಿನಲ್ಲಿ ಇದೇ ಪ್ರಯತ್ನ ಶುರು ಮಾಡಿದ್ದರು. ಮರುವರ್ಷ ಡೇವಿಡ್ ಬಾಯ್ಸ್ ಎಂಬ ಎಂಜಿನಿಯರ್ ಒಂದೇ ಮೇನ್‌ಫ್ರೇಮ್ ಮೇಲೆ 41,400 ಲಿನಕ್ಸ್‌ಗಳನ್ನು ಏಳಿಸಿ ತೋರಿಸಿದರು. ಅದು ಪ್ರಯೋಗವಷ್ಟೇ, ದಿನನಿತ್ಯದ ಬಳಕೆಯಲ್ಲ. ಆದರೂ ಆ ಸಂಖ್ಯೆ ಕೇಳಿ ಬಾಯಿ ಬಿಟ್ಟವರೇ ಜಾಸ್ತಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಲಿನಕ್ಸ್ ಹಾಕುವ ಕ್ರಮ. ಸಿಡಿ ಇಲ್ಲ, ಪೆನ್‌ಡ್ರೈವ್ ಇಲ್ಲ. ಜ಼ೆಡ್/ವಿಎಂ ಪ್ರತಿ ಅತಿಥಿಗೂ ಒಂದು ಕಾರ್ಡ್ ರೀಡರ್ ಮತ್ತು ಒಂದು ಕಾರ್ಡ್ ಪಂಚ್ ಕೊಡುತ್ತದೆ. ಹಿಂದೆ ರಟ್ಟಿನ ಕಾರ್ಡ್‌ನಲ್ಲಿ ತೂತು ಕೊರೆದು ಮಾಹಿತಿ ಬರೆಯುತ್ತಿದ್ದದ್ದು ಪಂಚ್, ಅದನ್ನು ಓದುತ್ತಿದ್ದದ್ದು ರೀಡರ್. ಎರಡೂ ಬರೀ ಕಲ್ಪನೆಯವು. ಲಿನಕ್ಸ್ ಕರ್ನಲ್ ಫೈಲನ್ನು 80 ಕಾಲಮ್ಮಿನ ಕಾರ್ಡ್‌ಗಳಾಗಿ "ಪಂಚ್" ಮಾಡಿ, ರೀಡರ್‌ಗೆ ಕಳಿಸಿ, ಅಲ್ಲಿಂದ ಐಪಿಎಲ್ (ಕ್ರಿಕೆಟ್ ಅಲ್ಲ, ಇಲ್ಲಿ ಬೂಟ್ ಮಾಡುವುದು) ಮಾಡಬೇಕು. ಕರ್ನಲ್ 8 ಎಂಬಿ ಇದ್ದರೆ 1 ಲಕ್ಷಕ್ಕೂ ಮಿಕ್ಕಿದ ಕಾರ್ಡ್‌ಗಳಾಯಿತು. ನಿಜವಾದ ರಟ್ಟಿನ ಕಾರ್ಡ್ ಆಗಿದ್ದರೆ ಗಾಡಿ ಕಟ್ಟಬೇಕಿತ್ತು!

ಹೀಗೆ ಎಲ್ಲವನ್ನೂ ನಂಬಿಸಿದ ವಿಎಂ, ಸಮಯದ ವಿಷಯದಲ್ಲಿ ಮಾತ್ರ ಸಿಕ್ಕಿಬಿತ್ತು. ಆಗಿನ ಲಿನಕ್ಸ್ ಸೆಕೆಂಡಿಗೆ 100 ಸಲ ಎದ್ದು ಗಡಿಯಾರ ನೋಡುತ್ತಿತ್ತು, ಕೆಲಸ ಇರಲಿ ಬಿಡಲಿ. ಒಂಟಿ ಯಂತ್ರದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಸಾವಿರ ಅತಿಥಿಗಳಿದ್ದರೆ ಸೆಕೆಂಡಿಗೆ 1 ಲಕ್ಷ ಸಲ ಎಬ್ಬಿಸುವುದು, ಮಲಗಿಸುವುದು, ಅದೂ ಸುಮ್ನೆ. ಮೇ ತಿಂಗಳ ಮಧ್ಯಾಹ್ನ ವಾಡೆಯಲ್ಲಿ ಎಲ್ಲರೂ ಅಡ್ಡಾಗಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರೂ ಗಳಿಗೆಗೊಮ್ಮೆ ಎದ್ದು "ಗಂಟಿ ಎಷ್ಟಾತು?" ಎಂದು ಕಾವಲಿನವನನ್ನು ಕೇಳುತ್ತಿದ್ದರೆ ಅವನ ಗತಿ ಏನು? ಅತಿಥಿಗಳೆಲ್ಲ ಖಾಲಿ ಕೂತಿದ್ದರೂ ಪ್ರೊಸೆಸರ್ ಮಾತ್ರ ಬೆವರುತ್ತಿತ್ತು.

ಪರಿಹಾರ ಬಂದದ್ದು ವಿಎಂ ಕಡೆಯಿಂದಲ್ಲ. ಲಿನಕ್ಸ್ ಕಡೆಯವರೇ ಎಸ್/390ಗಾಗಿ ಕರ್ನಲ್ ತಿದ್ದಿ, ಕೆಲಸವಿಲ್ಲದಾಗ ಗಡಿಯಾರದ ತಟತಟ ನಿಲ್ಲಿಸಿದರು. ಮುಂದಿನ ಎಚ್ಚರ ಯಾವಾಗ ಬೇಕೋ ಆಗ ಮಾತ್ರ ಏಳಿಸು ಎನ್ನುವ ಏರ್ಪಾಡು. ಮೂಲ ಕೋಡ್ ಎದುರಿಗೇ ಇದ್ದದ್ದರಿಂದ ತಾನೇ ಇದು ಸಾಧ್ಯವಾಯಿತು, ಅಲ್ವಾ? 2007ರಲ್ಲಿ ಇದೇ ಬಗೆಯ ಏರ್ಪಾಡು ಸಾಮಾನ್ಯ ಪಿಸಿಗಳ ಲಿನಕ್ಸ್‌ಗೂ ಬಂತು. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಅದು ನೆರವಾಯಿತು.

ಮೆಮೊರಿಯದೂ ಇದೇ ಕಥೆ. ಕಣ್ಣಿಗೆ ಬಿದ್ದ ಮೆಮೊರಿಯನ್ನೆಲ್ಲ ಫೈಲ್‌ಗಳ ನಕಲಿನಿಂದ ತುಂಬಿಟ್ಟುಕೊಳ್ಳುವುದು ಲಿನಕ್ಸ್‌ನ ಚಾಳಿ. ಯಂತ್ರವೆಲ್ಲ ತನ್ನದು ಎಂದು ನಂಬಿದವನು ಮತ್ತೇನು ಮಾಡುತ್ತಾನೆ! ಹಾಗಾಗಿ ಅನುಭವಿಗಳು ಅತಿಥಿಗೆ ಆದಷ್ಟು ಕಡಿಮೆ ಮೆಮೊರಿ ಕೊಡಿ ಎನ್ನುತ್ತಾರೆ. ಪಿಸಿಯಲ್ಲಿ ಕಲಿತದ್ದಕ್ಕೆ ಇದು ಪೂರಾ ಉಲ್ಟಾ. ಪಿಸಿಯಿಂದ ಬಂದವರು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಇದನ್ನೆಲ್ಲ ನೋಡಲು ಕೋಟಿಗಟ್ಟಲೆ ಹಣದ ಯಂತ್ರ ಬೇಕಾಗಿಲ್ಲ. ರೋಜರ್ ಬೌಲರ್ 1999ರಲ್ಲಿ ಹೊರತಂದ ಹರ್ಕ್ಯುಲೀಸ್ ಎಂಬ ಮುಕ್ತ ತಂತ್ರಾಂಶ ಮಾಮೂಲಿ ಲ್ಯಾಪ್‌ಟಾಪನ್ನೇ ಮೇನ್‌ಫ್ರೇಮ್‌ನಂತೆ ಮಾಡುತ್ತದೆ. ಇಲ್ಲಿ ಒಂದು ತೊಡಕು ಗೊತ್ತಿರಲಿ. ಜ಼ೆಡ್/ವಿಎಂ ಮುಕ್ತವಲ್ಲ, ಅದಕ್ಕೆ ಐಬಿಎಂ ಲೈಸೆನ್ಸ್ ಬೇಕು. ಹಳೆಯ ವಿಎಂ/370 ಸಿಗುತ್ತದೆ, ಆದರೆ ಅದರೊಳಗೆ ಲಿನಕ್ಸ್ ಓಡದು. ಅದು ಲಿನಕ್ಸ್‌ಗೆ ಬೇಕಾದದ್ದಕ್ಕಿಂತ ತುಂಬಾ ಹಳೆಯ ಯಂತ್ರದ್ದು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಆಡಿ ನೋಡಬೇಕು. ಕಾರ್ಡ್ ರೀಡರ್ ಮತ್ತು ಅತಿಥಿಗಳ ಲೋಕಕ್ಕೆ ವಿಎಂ/370, ಲಿನಕ್ಸ್‌ಗೆ ಹರ್ಕ್ಯುಲೀಸ್ ಮೇಲೆ ನೇರವಾಗಿ ಡೆಬಿಯನ್ ಎಂಬ ಲಿನಕ್ಸ್ ಬಗೆ. ಡೆಬಿಯನ್ 2002ರಿಂದಲೂ ಈ ಯಂತ್ರಗಳಿಗೆ ಆವೃತ್ತಿ ಕೊಡುತ್ತಿದೆ. ಸ್ವಲ್ಪ ಹಳೆಯ ಆವೃತ್ತಿ ಆರಿಸಿದರೆ ತಲೆನೋವು ಕಡಿಮೆ.

ವೇಗ ಮಾತ್ರ ಕೇಳಬೇಡಿ. ಹರ್ಕ್ಯುಲೀಸ್ ಪ್ರತಿ ಆದೇಶವನ್ನೂ ಅನುಕರಿಸಬೇಕು, ವಿಎಂ ಥರ ನೇರ ಓಡಿಸಲು ಬರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ಭರ್ರೆನ್ನುತ್ತದೆ, ಕರೆಂಟ್ ಹೋಗುವುದರೊಳಗೆ ಇನ್‌ಸ್ಟಾಲ್ ಮುಗಿದರೆ ಪುಣ್ಯ. ಒಳಗೆ ಲಾಗಿನ್ ಆದ ಮೇಲೆ /ಪ್ರಾಕ್/ಸಿಸ್‌ಇನ್ಫೋ (/proc/sysinfo) ಫೈಲ್ ತೆರೆದು ನೋಡಿ. ಅಸಲಿ ಯಂತ್ರದ ಮೇಲಿನ ಅತಿಥಿಯಾಗಿದ್ದರೆ ಅಲ್ಲಿ ಜ಼ೆಡ್/ವಿಎಂ ಎಂದು ಆತಿಥೇಯನ ಹೆಸರೇ ಇರುತ್ತದೆ. ಅಂದರೆ ಇವತ್ತಿನ ಲಿನಕ್ಸ್‌ಗೆ ತಾನು ಯಾರ ಮನೆಯಲ್ಲಿದ್ದೇನೆಂದು ಗೊತ್ತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ, ನೀವು ಬದಲಿಸದಿದ್ದರೆ, ಮಾಡೆಲ್ ಜಾಗದಲ್ಲಿ "ಎಮ್ಯುಲೇಟರ್" ಎಂದು ಬರುತ್ತದೆ.