ದ್ರಾಕ್ಷಿಯ ಚಿತ್ರ, ಕಬ್ಬಿನ ಇಂಗಾಲ

ಕಲಬುರಗಿಯ ನಮ್ಮ ಮನೆಗೆ ಸುಣ್ಣ-ಬಣ್ಣ ಮಾಡಲು ಬಂದಿದ್ದ ಕಾಕಾ ಸಂಜೆ ಕೈಗೆ ಸೀಮೆಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತ ಕೂತಿದ್ದರು. ನಾನು ರಸಾಯನಶಾಸ್ತ್ರದ ಮೇಷ್ಟ್ರು ಎಂಬುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಚೀಲದೊಳಗಿಂದ ಒಂದು ಕ್ವಾರ್ಟರ್ ಬ್ರಾಂಡಿ ತೆಗೆದು ಬೆಳಕಿಗೆ ಹಿಡಿದರು. "ಸರ, ಇದರ ಮ್ಯಾಲ ದ್ರಾಕ್ಷಿ ಗೊಂಚಲು ಹಾಕ್ಯಾರ. ಒಳಗ ಖರೇನೇ ದ್ರಾಕ್ಷಿ ಅದ ಏನ್ರಿ?"

"ಕಬ್ಬು ಇರಬೇಕು ಕಾಕಾ," ಅಂದೆ. "ಮೂಸಿನೂ ನೋಡಲಿಲ್ಲ, ಹೆಂಗ ಹೇಳ್ತೀರಿ?" ಎಂದು ನಕ್ಕರು.

ನಾನು ಹೇಳಿದ್ದು ಊಹೆ, ಆದರೆ ಕಣ್ಣುಮುಚ್ಚಿ ಹೊಡೆದ ಊಹೆಯಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೀದರ್ ಜಿಲ್ಲೆಯ ಯಾವುದಾದರೂ ಸಕ್ಕರೆ ಕಾರ್ಖಾನೆಯ ಹತ್ತಿರ ಹಾದು ಹೋದವರಿಗೆ ಆ ಹುಳಿಸಿಹಿ ವಾಸನೆ ಗೊತ್ತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ನೀರಿನಲ್ಲಿ ಕದಡಿ, ಯೀಸ್ಟ್ ಬೆರೆಸಿ ಹುದುಗಿಸಿ, ಎತ್ತರದ ಗೋಪುರಗಳಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿದರೆ ಶೇ. 96ರಷ್ಟು ಶುದ್ಧವಾದ, ರುಚಿ ವಾಸನೆ ಏನೂ ಇಲ್ಲದ ಸ್ಪಿರಿಟ್ ಬರುತ್ತದೆ. ಕಾರ್ಖಾನೆಯವರು ಇದನ್ನು ಇಎನ್‌ಎ ಅನ್ನುತ್ತಾರೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬ್ರಾಂಡಿ, ವಿಸ್ಕಿಗಳಲ್ಲಿ ಎಷ್ಟೋ ಇದೇ ಸ್ಪಿರಿಟಿಗೆ ನೀರು, ಬಣ್ಣ, ಪರಿಮಳ ಸೇರಿಸಿದವು. ಕಾಕಂಬಿಯಿಂದ ಮಾಡಿದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂಬ ಹೆಸರಲ್ಲಿ ಮಾರುವಂತಿಲ್ಲ, ಅಲ್ಲಿ ವಿಸ್ಕಿ ಅಂದರೆ ಧಾನ್ಯದ್ದೇ ಆಗಿರಬೇಕು.

ಮಡಕೆಯಲ್ಲಿ ಕಾಸಿದ ಸಾರಾಯಿಯ ಕತೆ ಬೇರೆ. ಅಬಕಾರಿಯವರು ದಾಳಿ ಮಾಡಿ ಚೆಲ್ಲುವ ಬೆಲ್ಲದ ಕೊಳೆ ಇದೆಯಲ್ಲ, ಅದನ್ನು ಒಂದೇ ಸಲ ಕುದಿಸಿ ಇಳಿಸಿದರೆ ಮದ್ಯಸಾರದ ಜೊತೆ ನೂರಾರು ಬೇರೆ ವಸ್ತುಗಳೂ ಆವಿಯಾಗಿ ಬರುತ್ತವೆ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇವನ್ನೆಲ್ಲ ಬಿಡಿಬಿಡಿಯಾಗಿ ತೋರಿಸುತ್ತದೆ. ಕೂದಲೆಳೆಯಷ್ಟು ಸಣ್ಣ ರಂಧ್ರದ, ಸುಮಾರು 30 ಮೀಟರ್ ಉದ್ದದ ಸುರುಳಿ ಕೊಳವೆಯೊಳಗೆ ಆವಿಯನ್ನು ಓಡಿಸಿದರೆ ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಆಚೆ ತುದಿ ಮುಟ್ಟುತ್ತದೆ. ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಒಡೆದು ಮೆಥನಾಲ್ ಆಗುವುದರಿಂದ, ಹಣ್ಣಿನಿಂದ ಇಳಿಸಿದ ಮದ್ಯದಲ್ಲಿ ಅದರ ಗುರುತು ಎದ್ದು ಕಾಣುತ್ತದೆ. ಧಾನ್ಯದಲ್ಲೂ ಬೆಲ್ಲದಲ್ಲೂ ಪೆಕ್ಟಿನ್ ಅತ್ಯಲ್ಪ. ಐಸೊಅಮೈಲ್ ಮದ್ಯಸಾರ ಎಂಬುದು ಯೀಸ್ಟ್ ಕೊಳೆಯೊಳಗಿನ ಅಮೈನೊ ಆಮ್ಲವನ್ನು ತಿಂದು ಬಿಡುವ ವಸ್ತು. ಕೊಳೆ ಧಾನ್ಯದ್ದೋ ಬೆಲ್ಲದ್ದೋ ಎಂಬುದರ ಮೇಲೆ ಇಂಥವುಗಳ ಪ್ರಮಾಣ ಬದಲಾಗುತ್ತದೆ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಕಳ್ಳಭಟ್ಟಿ ಕುಡಿದು ಜನ ಸತ್ತಾಗ "ಬೆಲ್ಲ ಸರಿಯಾಗಿ ಕೊಳೆತಿರಲಿಲ್ಲ, ಅದಕ್ಕೇ ವಿಷವಾಯಿತು" ಅನ್ನುವವರು ಇದ್ದಾರೆ. ಬೆಲ್ಲದ ಕೊಳೆಯಿಂದ ಪ್ರಾಣ ತೆಗೆಯುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಅಂಥ ದುರಂತಗಳಲ್ಲಿ ಸಾಮಾನ್ಯವಾಗಿ ಯಾರೋ ಕೈಯಾರೆ ಕಾರ್ಖಾನೆಯ ಮೆಥನಾಲ್ ಸುರಿದಿರುತ್ತಾರೆ.

ಕಾಕಾನ ಕ್ವಾರ್ಟರಿಗೆ ಮರಳೋಣ. ಇಎನ್‌ಎ ಆಗುವ ಹೊತ್ತಿಗೆ ಈ ಗುರುತುಗಳೆಲ್ಲ ಗೋಪುರದಲ್ಲೇ ತೊಳೆದು ಹೋಗಿರುತ್ತವೆ. ಆದರೆ ಮದ್ಯಸಾರದ ಅಣುವಿನೊಳಗೆ ಎರಡು ಇಂಗಾಲದ ಪರಮಾಣುಗಳಿವೆ. ಅವನ್ನು ತೊಳೆಯಲು ಯಾವ ಗೋಪುರಕ್ಕೂ ಆಗುವುದಿಲ್ಲ, ತೊಳೆದರೆ ಮದ್ಯಸಾರವೇ ಇರುವುದಿಲ್ಲ.

ನಮ್ಮ ಕಡೆಯ ಕರಿಮಣ್ಣಿನ ಹೊಲದಲ್ಲಿ ತೊಗರಿ ಸಾಲಿನ ನಡುವೆ ಸಜ್ಜೆ ಹಾಕುವುದುಂಟು. ಒಂದೇ ಮಣ್ಣು, ಒಂದೇ ಮಳೆ, ಉಸಿರಾಡುವ ಗಾಳಿಯೂ ಒಂದೇ. ಆ ಗಾಳಿಯ ಇಂಗಾಲದಲ್ಲಿ ನೂರಕ್ಕೆ ಹೆಚ್ಚುಕಡಿಮೆ 99 ಪರಮಾಣುಗಳು 12ರ ತೂಕದವು, ಒಂದು ಮಾತ್ರ 13ರ ತೂಕದ್ದು. ತೊಗರಿ ಸಂತೆಯಲ್ಲಿ ನಿಂತು ಆರಿಸುವ ಗಿರಾಕಿಯ ಹಾಗೆ. ಇಂಗಾಲ ಹಿಡಿಯುವ ಅದರ ಕಿಣ್ವಕ್ಕೆ ಹಗುರವಾದದ್ದೇ ಸಲೀಸು, ಭಾರದ್ದನ್ನು ಆದಷ್ಟು ಬಿಟ್ಟುಬಿಡುತ್ತದೆ. ಸಜ್ಜೆಯದು ಹಾಗಲ್ಲ. ಅದು ಸಿಕ್ಕ ಇಂಗಾಲವನ್ನೆಲ್ಲ ಬಾಚಿ ಎಲೆಯ ಒಳಕೋಣೆಗೆ ತುಂಬಿ ಬಾಗಿಲು ಹಾಕಿಬಿಡುತ್ತದೆ. ಒಳಗಿರುವ ಕಿಣ್ವಕ್ಕೆ ಆರಿಸಲು ಆಸ್ಪದವೇ ಕಡಿಮೆ, ಭಾರದ್ದನ್ನೂ ಉಣ್ಣಬೇಕು. ಬಿಸಿಲು ನಾಡಿನ ಜೋಳ, ಮೆಕ್ಕೆಜೋಳ, ಕಬ್ಬು ಎಲ್ಲ ಸಜ್ಜೆಯ ಗುಂಪಿನವು. ದ್ರಾಕ್ಷಿ, ಭತ್ತ, ಗೋಧಿ, ಬಾರ್ಲಿ ತೊಗರಿಯ ಗುಂಪು. ಸಜ್ಜೆಯ ಗುಂಪಿನ ಈ ದಾರಿ ಬೆಳಕಿಗೆ ಬಂದದ್ದೂ ಕಬ್ಬಿನಿಂದಲೇ: 1960ರ ದಶಕದಲ್ಲಿ ಹವಾಯಿಯಲ್ಲಿ ಹ್ಯೂಗೊ ಕೊರ್ಟ್‌ಶಾಕ್, ಬ್ರಿಸ್ಬೇನಿನಲ್ಲಿ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಕಬ್ಬಿನ ಎಲೆಯನ್ನೇ ಹಿಡಿದು ಕೂತಿದ್ದರು.

ಈ ವ್ಯತ್ಯಾಸ ಉಂಡವರ ಮೈಗೂ ಬರುತ್ತದೆ. ದಿನಾ ಜೋಳದ ರೊಟ್ಟಿ ತಿನ್ನುವವನ ಕೂದಲಿನಲ್ಲಿ ಅನ್ನ ಉಣ್ಣುವವನದಕ್ಕಿಂತ ಭಾರದ ಇಂಗಾಲ ಒಂದಿಷ್ಟು ಹೆಚ್ಚಿಗೆ ಇರುತ್ತದೆ. ನನ್ನ ಹೆಂಡತಿ ಮೈಸೂರಿನ ಕಡೆಯವಳು. ಮದುವೆಯಾಗಿ ಇಷ್ಟು ವರ್ಷವಾದರೂ ಅನ್ನ ಬಿಟ್ಟಿಲ್ಲ, ನಾನು ರೊಟ್ಟಿ ಬಿಟ್ಟಿಲ್ಲ. ಒಂದೇ ಮನೆಯಲ್ಲಿ ಎರಡು ಇಂಗಾಲ.

ಅಳೆಯುವುದು ಹೇಗೆ? ಕಣದಲ್ಲಿ ಜೋಳ ತೂರುವುದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೊರ ಎತ್ತಿ ಗಾಳಿಗೆ ಬಿಟ್ಟರೆ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಯಂತ್ರದಲ್ಲಿ ಮೊದಲು ಮದ್ಯಸಾರವನ್ನು ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡುತ್ತಾರೆ. ಅದರ ಅಣುಗಳಿಗೆ ವಿದ್ಯುತ್ ತುಂಬಿ ಕಾಂತದ ಮುಂದೆ ಹಾಯಿಸುತ್ತಾರೆ. ಗಾಳಿಯ ಕೆಲಸ ಇಲ್ಲಿ ಕಾಂತದ್ದು. ಹಗುರ ಇಂಗಾಲವಿರುವ 44ರ ತೂಕದ ಅಣು ಹೆಚ್ಚು ಬಾಗಿ ಒಂದು ಬಟ್ಟಲಿಗೆ, ಭಾರದ ಇಂಗಾಲವಿರುವ 45ರ ತೂಕದ್ದು ಕಡಿಮೆ ಬಾಗಿ ಪಕ್ಕದ ಬಟ್ಟಲಿಗೆ ಬೀಳುತ್ತದೆ. ಯಾವುದರಲ್ಲಿ ಎಷ್ಟು ಎಂಬ ಅನುಪಾತವನ್ನು ಒಂದು ಮಾನಕಕ್ಕೆ ಹೋಲಿಸುತ್ತಾರೆ. ಆ ಮಾನಕ ಮೂಲದಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಪೀಡೀ ಶಿಲಾಪದರದಲ್ಲಿ ಸಿಕ್ಕ, ಸ್ಕ್ವಿಡ್ ಎಂಬ ಕಡಲಜೀವಿಯ ಹಳೇ ಬಳಗದ ಒಂದು ಪ್ರಾಣಿಯ ಪಳೆಯುಳಿಕೆ. ದ್ರಾಕ್ಷಿಯ ಮದ್ಯಸಾರದಲ್ಲಿ ಭಾರದ ಇಂಗಾಲ ಆ ಮಾನಕಕ್ಕಿಂತ ಸಾವಿರಕ್ಕೆ ಸುಮಾರು 27 ಪಾಲು ಕಡಿಮೆ, ಕಬ್ಬಿನದರಲ್ಲಿ ಸುಮಾರು 12 ಪಾಲು ಕಡಿಮೆ.

ಕಾಕಾನ ಬ್ರಾಂಡಿ ಅಳೆದು 17 ಕಡಿಮೆ ಎಂದು ಬಂತು ಅಂತಿಟ್ಟುಕೊಳ್ಳಿ. ದ್ರಾಕ್ಷಿಗೂ ಕಬ್ಬಿಗೂ ನಡುವಿನ ಅಂತರ 15. ದ್ರಾಕ್ಷಿಯ 27ರಿಂದ ಇದು 10 ಹೆಜ್ಜೆ ಕಬ್ಬಿನ ಕಡೆ ಸರಿದಿದೆ. ಅಂದರೆ ಮೂರು ಪಾಲಿನಲ್ಲಿ ಎರಡು ಕಬ್ಬು, ಒಂದು ದ್ರಾಕ್ಷಿ. ದ್ರಾಕ್ಷಿಯ ಅಂಕಿ ನೀರು ಬಿಸಿಲಿಗೆ ತಕ್ಕಂತೆ ಒಂದೆರಡು ಪಾಲು ಆಚೀಚೆ ಆಗುವುದರಿಂದ ಲೆಕ್ಕ ಪೈಸೆಗೆ ಪೈಸೆ ಕೂಡುವುದಿಲ್ಲ, ಆದರೂ ಗೊಂಚಲಿನ ಚಿತ್ರ ಎಷ್ಟು ಸುಳ್ಳು ಎಂದು ಹೇಳಲು ಸಾಕು. ಸ್ಕಾಟ್‌ಲೆಂಡಿನ ಬೆರಕೆ ವಿಸ್ಕಿಯಲ್ಲೂ ಇದು ಕಾಣುತ್ತದೆ. ಅಲ್ಲಿಯ ಗ್ರೇನ್ ವಿಸ್ಕಿ ಮಾಡುವವರು 1980ರ ದಶಕದಲ್ಲಿ ಮೆಕ್ಕೆಜೋಳ ಬಿಟ್ಟು ಗೋಧಿಗೆ ಹೊರಳಿದರು. ಹೊರಳಿದ ಗುರುತು ಇಂಗಾಲದಲ್ಲಿ ಉಳಿಯಿತು.

ಪೆಟ್ರೋಲಿಯಂನಿಂದ ಮಾಡಿದ ಮದ್ಯಸಾರ ಸಿಕ್ಕಿಬೀಳುವುದು ಇದಕ್ಕಿಂತ ಸುಲಭ. ಗಾಳಿಯಿಂದ ಗಿಡಗಳಿಗೆ ಚೂರುಪಾರು ಬರುವ 14ರ ತೂಕದ ಇಂಗಾಲ, ಅಂದರೆ ಕಾರ್ಬನ್-14, ಸುಮಾರು 5730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಬಿದ್ದ ಎಣ್ಣೆಯಲ್ಲಿ ಅದರ ಸುಳಿವೇ ಇಲ್ಲ.

ಮೋಸ ಮಾಡುವವರಿಗೂ ಗುಂಪಿನ ಲೆಕ್ಕ ಗೊತ್ತು. ಫ್ರಾನ್ಸಿನಲ್ಲಿ ವೈನಿನ ಅಮಲು ಏರಿಸಲು ಬೀಟ್ ಸಕ್ಕರೆ ಸುರಿಯುತ್ತಿದ್ದರು. ಬೀಟೂ ದ್ರಾಕ್ಷಿಯ ಗುಂಪಿನದೇ, ಇಂಗಾಲ ಬಾಯಿ ಬಿಡುವುದಿಲ್ಲ. ನಾಂಟ್ ನಗರದ ಜೆರಾರ್ ಮತ್ತು ಮರಿವಾನ್ ಮಾರ್ಟೆನ್ ದಂಪತಿ 1980ರ ದಶಕದಲ್ಲಿ ಭಾರದ ಜಲಜನಕ, ಅಂದರೆ ಡ್ಯುಟೀರಿಯಂ, ಮದ್ಯಸಾರದ ಅಣುವಿನಲ್ಲಿ ಯಾವ ಜಾಗದಲ್ಲಿ ಕೂತಿದೆ ಎಂದು ಎನ್‌ಎಂಆರ್ ಎಂಬ, ಕಾಂತದ ನೆರವಿನಿಂದ ಪರಮಾಣುಗಳ ಜಾಗ ಗುರುತಿಸುವ ಯಂತ್ರದಿಂದ ಎಣಿಸಿದರು. ಅಣುವಿನ ಒಂದು ತುದಿಯಲ್ಲಿ ಬೀಟಿನದಕ್ಕೆ ಹತ್ತು ಲಕ್ಷಕ್ಕೆ ಸುಮಾರು 92, ದ್ರಾಕ್ಷಿಗೆ ನೂರರ ಆಸುಪಾಸು, ಕಬ್ಬಿಗೆ 110ರ ಹತ್ತಿರ. ಯುರೋಪಿನಲ್ಲಿ ವೈನ್ ಪರೀಕ್ಷೆಗೆ ಇದೇ ಅಧಿಕೃತ ವಿಧಾನವಾಯಿತು.

ನಮ್ಮಲ್ಲಿ ಬೀಟಿನ ಜಾಗಕ್ಕೆ ನುಚ್ಚಕ್ಕಿ ಬಂದಿದೆ. ಅಕ್ಕಿಯ ಸ್ಪಿರಿಟಿಗೆ ದ್ರಾಕ್ಷಿಯ ಬಣ್ಣ ಹಚ್ಚಿದರೆ ಇಂಗಾಲದ ಅಂಕಿ ದ್ರಾಕ್ಷಿಯದರಂತೆಯೇ ಬರುತ್ತದೆ. ಆಗ ಕೊಳವೆಯ ಸಾಕ್ಷಿ ಬೇಕು: ಖರೇ ಬ್ರಾಂಡಿಯಲ್ಲಿ ಹಣ್ಣಿನ ಮೆಥನಾಲೂ ಸಂಗಡಿಗರೂ ಇರಬೇಕಿತ್ತು, ಇದರಲ್ಲಿ ಸುಮ್ಮನೆ ಬಯಲು. ಒಂದೇ ಅಂಕಿ ನೋಡಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಅದಕ್ಕೇ ಅಳುಕು.

ಇದನ್ನೆಲ್ಲ ಕಾಕಾನಿಗೆ ಹೇಳುವಷ್ಟರಲ್ಲಿ ಚಹಾ ಎರಡು ಸಲ ಆಗಿತ್ತು. ಅವರು ಬಾಟಲಿಯನ್ನು ಚೀಲಕ್ಕೆ ಹಾಕುತ್ತ, "ಕಬ್ಬಿನದೋ ಜ್ವಾಳದ್ದೋ ಅಂತನೂ ಹೇಳ್ತದ ಏನ್ರಿ ನಿಮ್ಮ ಮಷೀನು?" ಅಂದರು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಎರಡೂ ಸಜ್ಜೆಯ ಗುಂಪು, ಇಂಗಾಲ ಹೆಚ್ಚುಕಡಿಮೆ ಒಂದೇ. ಭಟ್ಟಿ ಸಾರಾಯಿಯಾದರೆ ಕೊಳವೆಯಲ್ಲಿ ಏನಾದರೂ ಗುರುತು ಸಿಕ್ಕೀತು. ಇಎನ್‌ಎ ಆದಮೇಲೆ ಅದೂ ಇಲ್ಲ.

"ಕಷ್ಟ ಅದ ಕಾಕಾ."

"ಹಂಗಾದ್ರ ಯಾರಿಗೆ ಗೊತ್ತಿರ್ತದ?"

"ಫ್ಯಾಕ್ಟರಿ ಗೇಟಿನ್ಯಾಗ ಲಾರಿ ತೂಕ ಮಾಡ್ತಾನಲ್ಲ, ಅವಗ."