ಮುತ್ತು, ಪಟ್ಟಿ ಮತ್ತು ತಂದೆಯ ಹೆಸರು

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ದೇವದಾಸಿ ಪದ್ಧತಿಯ ಮಾತು ಬಂದರೆ ಒಬ್ಬರು ಮೂಢನಂಬಿಕೆ ಅನ್ನುತ್ತಾರೆ, ಒಬ್ಬರು ಬಡತನ, ಇನ್ನೊಬ್ಬರು ಜಾತಿ. ಮೂರೂ ಹೌದು. ಆದರೆ ಒಂದೊಂದನ್ನೇ ಹಿಡಿದು ಎಳೆದಷ್ಟೂ ಗಂಟು ಬಿಗಿಯುತ್ತದೆ.

ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಬಸವಿ ಬಿಡುವುದು ಎಂಬ ಹೆಸರಿತ್ತು. ಗಂಡುಮಕ್ಕಳಿಲ್ಲದ ಮನೆ ಮಗಳಿಗೆ ಮುತ್ತು ಕಟ್ಟಿಸಿ, ಅಂದರೆ ಕೊರಳಿಗೆ ಮುತ್ತಿನ ಸರ ಕಟ್ಟಿಸಿ ದೇವರಿಗೆ ಬಿಟ್ಟು, ತವರಲ್ಲೇ ಉಳಿಸಿಕೊಳ್ಳುತ್ತಿತ್ತು. ಆಸ್ತಿ, ಹೆತ್ತವರ ಅಂತ್ಯಕರ್ಮ, ಮುಪ್ಪಿನ ಆಸರೆ, ಮಗ ಮಾಡಬೇಕಾದ್ದೆಲ್ಲ ಅವಳ ಪಾಲಿಗೆ. ಕೇಳಲು ಇದು ಹಕ್ಕಿನಂತಿದೆ. ಭೂಮಿಯೇ ಇಲ್ಲದ ಮಾದಿಗರ ಕೇರಿಯಲ್ಲಿ ಮಾತ್ರ ಆ ಹಕ್ಕಿನಲ್ಲಿ ಉಳಿಯುತ್ತಿದ್ದುದು ದುಡಿಮೆಯ ಹೊರೆ.

ಕಾನೂನೂ ಒಂದೇ ದಾರಿಯಲ್ಲಿ ಬರಲಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು; ಮದ್ರಾಸಿನ ನಿಷೇಧ ಕಾಯ್ದೆ 1947ರದು. ಅದರ ವ್ಯಾಪ್ತಿ ತುಂಗಭದ್ರೆಯ ದಂಡೆಗೇ ಮುಗಿಯುತ್ತಿತ್ತು: ಹೊಸಪೇಟೆ ಅದರೊಳಗೆ, ಹೊಳೆಯಾಚೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿ ಹೈದರಾಬಾದಿನ ಆಡಳಿತದಲ್ಲಿ. ಇಡೀ ರಾಜ್ಯಕ್ಕೆ ಒಂದು ಕಾಯ್ದೆ ಆದದ್ದು 1982ರಲ್ಲಿ, ಜಾರಿಯಾದದ್ದು 1984ರಲ್ಲಿ.

ತೊಡಕಿನ ಬೇರು 1982ರ ಆ ಕಾಯ್ದೆಯ ಶಿಕ್ಷೆಯ ಲೆಕ್ಕದಲ್ಲಿತ್ತು. ಮುತ್ತು ಕಟ್ಟಿದವರಿಗೆ, ಅದಕ್ಕೆ ನೆರವಾದವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಅವರು ತಂದೆ-ತಾಯಿ, ಪೋಷಕರು, ನೆಂಟರಾಗಿದ್ದರೆ 2ರಿಂದ 5 ವರ್ಷ. ಅಂದರೆ ದೂರು ಕೊಡಬೇಕಾದ ಹುಡುಗಿ ಹೆತ್ತವರನ್ನೇ ಹೆಚ್ಚಿನ ಶಿಕ್ಷೆಗೆ ಒಪ್ಪಿಸಬೇಕಿತ್ತು. ಗುಡಿಯ ಮುಂದೆ ನಡೆಯುತ್ತಿದ್ದದ್ದು ಮನೆಯೊಳಗೆ, ರಾತ್ರಿಗೆ ಸರಿದರೆ ಸಾಕ್ಷಿ ಹೇಳಲು ಉಳಿಯುವವರೂ ಮನೆಯವರೇ. ಆಮೇಲೆ ಅವಳನ್ನು ಇಟ್ಟುಕೊಳ್ಳುವ ಗಂಡಸಿನ ಹೆಸರು ಈ ಲೆಕ್ಕದಲ್ಲಿ ಎಲ್ಲೂ ಬರುತ್ತಿರಲಿಲ್ಲ.

ಇನ್ನು ದೇವದಾಸಿಯರ ಪಟ್ಟಿ. 1993-94ರ ಸಮೀಕ್ಷೆ ರಾಜ್ಯದಲ್ಲಿ 22,873 ಮಂದಿಯನ್ನು ಗುರುತಿಸಿತು. 2007-08ರದು ಮತ್ತೆ 23,787. ಮಾಸಾಶನ, ಮನೆ, ಸಾಲಸೌಲಭ್ಯಕ್ಕೆಲ್ಲ ಈ ಪಟ್ಟಿಯೇ ಆಧಾರ. ಗಣತಿಯವರು ಬಂದ ವಾರ ದುಡಿಯಲು ಗುಳೆ ಹೋಗಿದ್ದವಳ ಹೆಸರು ತಪ್ಪಿದರೆ ಮುಂದಿನ ಗಣತಿಯವರೆಗೆ ಕಾಯಬೇಕು. ಪಟ್ಟಿಗೂ ಕಾಯ್ದೆಗೂ ಒಳಜಗಳವೂ ಉಂಟು. 1984ರ ನಂತರ ಮುತ್ತು ಕಟ್ಟಿಸಿಕೊಂಡವಳು "ನಾನು ದೇವದಾಸಿ" ಎಂದು ಬರೆಸಿದರೆ, ಅದು ಸೌಲಭ್ಯಕ್ಕೆ ಅರ್ಜಿಯೂ ಹೌದು, ಹೆತ್ತವರ ಮೇಲಿನ ಹೇಳಿಕೆಯೂ ಹೌದು. ಹೀಗಾಗಿ ಕಿರಿಯರ ಸಂಖ್ಯೆ ಕಡಿಮೆ ಕಂಡರೆ ಪದ್ಧತಿ ಅಳಿದಿದೆ ಎಂದು ಓದಬೇಕೋ, ಬಾಯಿ ಮುಚ್ಚಿದೆ ಎಂದೋ? ಎರಡನೆಯದನ್ನು ತಳ್ಳಿಹಾಕುವುದು ಕಷ್ಟ.

ಮಕ್ಕಳ ಸಂಕಟ ದಾಖಲಾತಿ ಅರ್ಜಿಯಿಂದ ಶುರು. ತಂದೆಯ ಹೆಸರಿನ ಜಾಗದಲ್ಲಿ ಅಜ್ಜನದೋ ಸೋದರಮಾವನದೋ ಹೆಸರು ಬರೆಸುವುದು ರೂಢಿ. ಹಾಗೆ ಬರೆಸಿದ್ದು ಮುಂದೆ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ರೇಷನ್ ಕಾರ್ಡಿಗೆ ತಾಳೆಯಾಗದೆ ನಿಲ್ಲುತ್ತದೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಇಲ್ಲಿಗೆ ಕೈಹಾಕಿದೆ. ತಂದೆಯ ಹೆಸರನ್ನು ಕಡ್ಡಾಯವಾಗಿ ಕೇಳುವಂತಿಲ್ಲ. ಮಕ್ಕಳು ಬಯಸಿದರೆ ತಂದೆ ಯಾರೆಂದು ಗುರುತಿಸಿಕೊಳ್ಳಬಹುದು, ಅವನ ಆಸ್ತಿಯಲ್ಲಿ ಪಾಲನ್ನೂ ಕೇಳಬಹುದು. ಆ ತಂದೆ ಅದೇ ಊರಿನ ಜಮೀನ್ದಾರನಾಗಿದ್ದು, ಅವನ ಹೊಲದಲ್ಲೇ ತಾಯಿ ಕೂಲಿಗೆ ಹೋಗುತ್ತಿದ್ದರೆ, ಅರ್ಜಿ ಹಾಕಿದ ಮರುದಿನ ಅವಳಿಗೆ ಬೇರೆ ಕೂಲಿ ಎಲ್ಲಿಂದ ಎಂಬುದಕ್ಕೆ ಕಾಯ್ದೆಯ ಯಾವ ಕಲಮೂ ಸಾಲದು.