ಗಿಟಾರ್ ಮೀಟುವ ಕೈಯಲ್ಲಿ ಉಂಗುರ ಬೆರಳಿನ ಕಷ್ಟ

ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ನಡುಬೆರಳನ್ನು ಮಾತ್ರ ಒಳಗೆ ಮಡಚಿಕೊಳ್ಳಿ. ಈಗ ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರ ಬೆರಳು ಮಾತ್ರ ಮೇಜಿಗೆ ಅಂಟಿಸಿದ ಹಾಗೆ ಕೂತಿರುತ್ತದೆ.

ಕ್ಲಾಸಿಕಲ್ ಗಿಟಾರ್ ಕಲಿಯುವವರ ಬಲಗೈ ತೊಂದರೆಗಳೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಬೆರಳಿನ ಹತ್ತಿರವೇ. ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಹುಡುಗರು ಬಹುಪಾಲು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದು ಸಿನಿಮಾ ಹಾಡಿಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಾರಿಸುತ್ತಲೇ ಶುರು ಮಾಡುತ್ತಾರೆ. ಅವರಲ್ಲಿ ಯಾರಾದರೂ ನೈಲಾನ್ ತಂತಿಯ ಗಿಟಾರಿಗೆ ಬಂದು, ಪಿಕ್ ಕೆಳಗಿಟ್ಟು, ಬರೀ ಬೆರಳಲ್ಲಿ ಮೀಟಲು ಕೂತ ಮೇಲೆ ಗೊತ್ತಾಗುತ್ತದೆ, ಎಡಗೈಗಿಂತ ಬಲಗೈಯೇ ಜಾಸ್ತಿ ಕಾಡುತ್ತದೆ ಅಂತ. ಆಗ ಕೇಳುತ್ತಾರೆ: "ಅಣ್ಣಾ, ಉಂಗುರ ಬೆರಳಿಗೆ ಶಕ್ತಿ ಬರೋಕೆ ಏನ್ ಮಾಡ್ಬೇಕು?"

ಆ ಬೆರಳಿಗೆ ಶಕ್ತಿ ಕಡಿಮೆ ಇಲ್ಲ. ಕಷ್ಟ ಬೇರೆ ಕಡೆ ಇದೆ.

ಬೆರಳನ್ನು ಮಡಚುವ, ಬಿಡಿಸುವ ಸ್ನಾಯುಗಳು ಬೆರಳಿನೊಳಗೆ ಇಲ್ಲವೇ ಇಲ್ಲ. ಅವು ಇರುವುದು ಮೊಣಕೈ ಕೆಳಗಿನ ಮುಂಗೈಯಲ್ಲಿ, ಒಂದಷ್ಟು ಅಂಗೈಯಲ್ಲಿ. ಮುಂಗೈಯಿಂದ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಬೆರಳುಗಳನ್ನು ಎತ್ತುವುದಕ್ಕೆ ಒಂದು ಸ್ನಾಯು ಇದೆ. ಅದರ ಜೊತೆಗೆ ತೋರುಬೆರಳಿಗೆ ತನ್ನದೇ ಆದ ಇನ್ನೊಂದು ಸ್ನಾಯು ಉಂಟು, ಕಿರುಬೆರಳಿಗೂ ಉಂಟು. ನಡುಬೆರಳು, ಉಂಗುರ ಬೆರಳಿಗೆ ಅಂಥದ್ದು ಇಲ್ಲ. ಸಾಲದ್ದಕ್ಕೆ ಕೈಯ ಹಿಂಬದಿಯಲ್ಲಿ ಉಂಗುರ ಬೆರಳಿನ ರಜ್ಜುವನ್ನು ಅಕ್ಕಪಕ್ಕದ ಬೆರಳುಗಳ ರಜ್ಜುವಿಗೆ ಕಟ್ಟಿಹಾಕುವ ಅಡ್ಡಪಟ್ಟಿಗಳಿವೆ. ನಡುಬೆರಳು ಮಡಚಿದಾಗ ಆ ಪಟ್ಟಿ ಉಂಗುರ ಬೆರಳಿನ ರಜ್ಜುವನ್ನೂ ಮುಂದಕ್ಕೆ ಎಳೆದು ಹಿಡಿದಿರುತ್ತದೆ, ಎತ್ತಲು ದಾರಿಯೇ ಇಲ್ಲ. ಮಡಚುವ ಕಡೆಯೂ ಅಷ್ಟೆ: ಬೆರಳ ತುದಿಯನ್ನು ಮಡಚುವ ಸ್ನಾಯು ನಡು, ಉಂಗುರ, ಕಿರು ಬೆರಳುಗಳಿಗೆ ಹೆಚ್ಚುಕಡಿಮೆ ಒಂದೇ ಮುದ್ದೆ. ಅದಕ್ಕೇ ಉಂಗುರ ಬೆರಳಲ್ಲಿ ಮೀಟಿದಾಗ ಕಿರುಬೆರಳೂ ಜೊತೆಗೆ ಓಡುತ್ತದೆ. ಓಡಲಿ ಬಿಡಿ. ಅದನ್ನು ಬಿಗಿಹಿಡಿದು ನೆಟ್ಟಗೆ ನಿಲ್ಲಿಸಲು ಹೋದರೆ ಇಡೀ ಕೈ ಸೆಟೆದುಕೊಳ್ಳುತ್ತದೆ.

ಹಳೆಯ ವಾದ್ಯಗಳವರು ಈ ಬೆರಳಿನ ಗೋಜಿಗೆ ಹೆಚ್ಚು ಹೋಗಿಲ್ಲ ಅನ್ನುವುದನ್ನು ಗಮನಿಸಿದ್ದೀರಾ? ಕೈವಾರದಲ್ಲಿ ತಾತಯ್ಯನವರ ತತ್ವಪದ ಹಾಡುವವರ ಕೈಯ ತಂಬೂರಿ ನೋಡಿ, ಮೀಟುವ ಕೆಲಸ ಒಂದೆರಡು ಬೆರಳಿಗೇ ಮುಗಿಯುತ್ತದೆ. ವೀಣೆಯಲ್ಲಿ ತೋರುಬೆರಳು, ನಡುಬೆರಳು ಮುಖ್ಯ ತಂತಿಗಳನ್ನು ಮೀಟಿದರೆ ತಾಳದ ತಂತಿಗೆ ಕಿರುಬೆರಳು. ಗಿಟಾರಿನವರೂ ಬಹಳ ಕಾಲ ಹೀಗೇ ಇದ್ದರು. ಸ್ಪೇನಿನ ಫರ್ನಾಂಡೊ ಸೋರ್ 1830ರಲ್ಲಿ ಬರೆದ ಗಿಟಾರ್ ಪಾಠದಲ್ಲಿ ಹೆಬ್ಬೆರಳು, ತೋರು, ನಡುಬೆರಳುಗಳನ್ನೇ ನೆಚ್ಚಿಕೊಂಡಿದ್ದ, ಉಂಗುರ ಬೆರಳು ಅವನಿಗೆ ಅಪರೂಪದ ಅಗತ್ಯ. ಇಟಲಿಯ ಮೌರೊ ಜೂಲಿಯಾನಿ ಮಾತ್ರ ಬೇರೆ ದಾರಿ ಹಿಡಿದ. ಅವನು 1812ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ಬಲಗೈಯ 120 ಅಭ್ಯಾಸಗಳಲ್ಲಿ ನಾಲ್ಕೂ ಬೆರಳಿಗೆ ಕೆಲಸವಿದೆ.

ಇವತ್ತಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಮೂರು ದಪ್ಪ ತಂತಿ ಹೆಬ್ಬೆರಳಿಗೆ, ಮೂರು ಸಣ್ಣ ತಂತಿ ಉಳಿದ ಮೂರು ಬೆರಳಿಗೆ. (ಆ ದಪ್ಪ ತಂತಿಗಳ ಒಳಗೆ ಈಗ ನೈಲಾನ್ ಎಳೆಗಳಿವೆ. 1940ರ ದಶಕದಲ್ಲಿ ನೈಲಾನ್ ಬರುವ ಮುಂಚೆ ಇದ್ದದ್ದು ರೇಷ್ಮೆ ಎಳೆ, ಅದರ ಮೇಲೆ ಲೋಹದ ಸರಿಗೆ. ಶಿಡ್ಲಘಟ್ಟದಲ್ಲಿ ರೀಲಿಂಗ್ ಮಾಡುವವರಿಗೆ ಇದನ್ನು ಹೇಳಿದರೆ ಎಷ್ಟು ಖುಷಿಪಡುತ್ತಾರೆ!) ಸ್ಪ್ಯಾನಿಷ್ ಹೆಸರಿನ ಮೊದಲಕ್ಷರದಿಂದ ಬೆರಳುಗಳನ್ನು ಪಿ, ಐ, ಎಮ್, ಎ ಎಂದು ಗುರುತಿಸುತ್ತಾರೆ. ಪಿ ಅಂದರೆ ಹೆಬ್ಬೆರಳು, ಐ ತೋರುಬೆರಳು, ಎಮ್ ನಡುಬೆರಳು, ಎ ಉಂಗುರ ಬೆರಳು. ಉಂಗುರ ಬೆರಳಿನ ಪಾಲಿಗೆ ಬರುವುದು ಎಲ್ಲಕ್ಕಿಂತ ಸಣ್ಣದಾದ ಮೊದಲನೇ ತಂತಿ, ಮತ್ತು ಹಾಡಿನ ಧಾಟಿ ಬಹಳ ಸಲ ಕೂತಿರುವುದು ಆ ತಂತಿಯ ಮೇಲೆಯೇ. ಕೈಯಲ್ಲಿ ಎಲ್ಲಕ್ಕಿಂತ ಪರಾಧೀನವಾದ ಬೆರಳಿಗೆ ಎಲ್ಲರ ಕಿವಿಗೂ ಬೀಳುವ ಸ್ವರದ ಜವಾಬ್ದಾರಿ. ಇದು ನಿಜವಾದ ಕಷ್ಟ ಅಲ್ವಾ?

ಈಗ ಶಕ್ತಿಯ ಲೆಕ್ಕ ಹಾಕೋಣ. ಗಿಟಾರಿನ ತಂತಿಯ ಉದ್ದ ಸಾಮಾನ್ಯವಾಗಿ 650 ಮಿಲಿಮೀಟರ್. ಮೊದಲನೇ ತಂತಿಯ ಬಿಗಿತ ಸುಮಾರು 7 ಕೆಜಿ ತೂಕದಷ್ಟು ಅಂತ ಇಟ್ಟುಕೊಳ್ಳಿ. ತಂತಿಗಳನ್ನು ಹಲಗೆಗೆ ಕಟ್ಟಿರುವ ಬ್ರಿಡ್ಜ್‌ನಿಂದ 13 ಸೆಂಟಿಮೀಟರ್ ದೂರದಲ್ಲಿ ಆ ತಂತಿಯನ್ನು 3 ಮಿಲಿಮೀಟರ್ ಸರಿಸಲು ಬೇಕಾದ ಬಲ ಸುಮಾರು 200 ಗ್ರಾಂ ತೂಕಕ್ಕೆ ಸಮ. ನಮ್ಮ ಕಡೆಯ ಎರಡು ಟೊಮೆಟೊ ಎತ್ತಿದಷ್ಟು. ಯಾವ ಬೆರಳಿಗೂ ಇದು ಭಾರವಲ್ಲ. ಸದ್ದಿನ ಗಾತ್ರ ನಿಂತಿರುವುದು ಬೆರಳು ಎಷ್ಟು ರಭಸದಲ್ಲಿ ಬಂತು ಅನ್ನುವುದಕ್ಕಿಂತ, ಬಿಡುವ ಕ್ಷಣದಲ್ಲಿ ತಂತಿ ಎಷ್ಟು ಸರಿದಿತ್ತು, ಯಾವ ಕಡೆಗೆ ಸರಿದಿತ್ತು ಅನ್ನುವುದರ ಮೇಲೆ. ಗಿಟಾರಿನ ಮುಖದ ಹಲಗೆಯ ಕಡೆಗೆ ಒತ್ತಿ ಬಿಟ್ಟ ತಂತಿ ಆ ಹಲಗೆಯನ್ನು ಚೆನ್ನಾಗಿ ಅಲುಗಿಸುತ್ತದೆ, ಸದ್ದು ದಪ್ಪಗೆ ಬರುತ್ತದೆ. ಸುಮ್ನೆ ಪಕ್ಕಕ್ಕೆ ಎಳೆದು ಬಿಟ್ಟರೆ ಸದ್ದು ಸಣ್ಣದು. ಮೀಟಿದ ಬೆರಳು ಪಕ್ಕದ ತಂತಿಗೆ ಒರಗಿ ನಿಲ್ಲುವ ರೆಸ್ಟ್ ಸ್ಟ್ರೋಕ್‌ನಲ್ಲಿ ಸ್ವರ ತುಂಬಿಕೊಂಡು ಬರುವುದು ಇದಕ್ಕೇ.

ಬೆರಳಿಗೆ ಯಂತ್ರ ಕಟ್ಟಿ ಬಲ ತರಿಸುವ ಆಸೆ ಹಳೆಯದು. 1830ರ ಸುಮಾರಿಗೆ ಪಿಯಾನೊ ಕಲಿಯುತ್ತಿದ್ದ ರಾಬರ್ಟ್ ಶೂಮನ್ ಅಂಥದ್ದೊಂದನ್ನು ಬಳಸಿದ್ದ. ಅವನ ಬಲಗೈ ಬೆರಳು ಕೆಟ್ಟುಹೋಯಿತು, ವಾದಕನಾಗುವ ಆಸೆ ಬಿಡಬೇಕಾಯಿತು. ಕಾರಣ ಯಂತ್ರವೇ ಅಂತ ಎಲ್ಲ ವೈದ್ಯರೂ ಒಪ್ಪುವುದಿಲ್ಲ. ಆದರೂ ಸ್ಪ್ರಿಂಗ್ ಒತ್ತುವ ಸಾಧನ ಕೊಂಡುಕೊಳ್ಳಬೇಕಾ ಅಂತ ಯಾರಾದರೂ ಕೇಳಿದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಹಾಗಾದರೆ ಅಭ್ಯಾಸ ಯಾವುದಕ್ಕೆ? ಬಿಡುವುದಕ್ಕೆ. ಸೆಕೆಂಡಿಗೆ 8 ಸ್ವರ ಬರುವ ಹಾಗೆ ಪಿ-ಐ-ಎಮ್-ಎ ನುಡಿಸಿದರೂ ಒಂದೊಂದು ಬೆರಳಿಗೆ ಬರುವ ಸರದಿ ಸೆಕೆಂಡಿಗೆ ಎರಡೇ. ಅಂದರೆ ಒಂದು ಸಲ ಮೀಟಿದ ಮೇಲೆ ಇನ್ನೊಂದು ಸಲಕ್ಕೆ ಅರ್ಧ ಸೆಕೆಂಡ್ ಇದೆ. ಅದರಲ್ಲಿ ತಂತಿ ತಾಗಿ ತಳ್ಳುವ ಕೆಲಸ ಒಂದು ಚೂರು, ಮಿಕ್ಕಿದ್ದೆಲ್ಲ ಖಾಲಿ ಸಮಯ. ಹೊಸಬರ ಕೈಯಲ್ಲಿ ಈ ಖಾಲಿ ಸಮಯ ಖಾಲಿ ಇರುವುದಿಲ್ಲ. ನಡುಬೆರಳು ಮೀಟುವಾಗಲೇ ಉಂಗುರ ಬೆರಳೂ ಬಿಗಿಯುತ್ತದೆ, ಮಡಚುವ ಸ್ನಾಯು ಇನ್ನೂ ಸಡಿಲವಾಗುವ ಮುಂಚೆಯೇ ಎತ್ತುವ ಸ್ನಾಯು ಎಳೆಯಲು ಶುರು ಮಾಡುತ್ತದೆ, ಎರಡೂ ಜಗ್ಗಾಡಿ ಬೆರಳು ಕೋಲಿನ ಹಾಗೆ ನಿಲ್ಲುತ್ತದೆ. ವೇಗ ಬರದೆ ಇರುವುದು ಇದರಿಂದ. ರಜ್ಜುಗಳ ಗಂಟನ್ನು ಅಭ್ಯಾಸದಿಂದ ಬಿಚ್ಚಲಾಗದು. ಆದರೆ ಮೆದುಳು ಸುಮ್ಮಸುಮ್ಮನೆ ಕಳಿಸುವ ಬಿಗಿತವನ್ನು ಖಂಡಿತ ಕಡಿಮೆ ಮಾಡಬಹುದು.

ಅದಕ್ಕೆ ನಿಧಾನವಾಗಿ ನುಡಿಸಬೇಕು, ಬೇರೆ ದಾರಿ ಕಾಣೆ. ಸೆಕೆಂಡಿಗೆ 8 ಸ್ವರ ಅಂದರೆ ಎರಡು ಸ್ವರದ ನಡುವೆ ಒಂದು ಸೆಕೆಂಡಿನ ಎಂಟನೇ ಒಂದು ಭಾಗ. ಬೆರಳಿನಿಂದ ಸುದ್ದಿ ಮೆದುಳಿಗೆ ಹೋಗಿ, ತಿದ್ದುಪಡಿ ವಾಪಸ್ ಬರುವಷ್ಟರಲ್ಲಿ ಮುಂದಿನ ಸ್ವರ ಹೊರಟೇಬಿಟ್ಟಿರುತ್ತದೆ. ಕಾರ್ಲ್ ಲ್ಯಾಶ್ಲಿ ಎಂಬ ಮನಶ್ಶಾಸ್ತ್ರಜ್ಞ 1951ರಲ್ಲೇ ಸಂಗೀತಗಾರರ ಬೆರಳನ್ನು ಉದಾಹರಣೆ ಕೊಟ್ಟು ವಾದಿಸಿದ್ದು ಇದನ್ನೇ: ವೇಗದ ಚಲನೆಯಲ್ಲಿ ಮೆದುಳು ಒಂದೊಂದಾಗಿ ಆಜ್ಞೆ ಕೊಡುವುದಿಲ್ಲ, ಇಡೀ ಸಾಲನ್ನು ಮೊದಲೇ ಸಿದ್ಧಮಾಡಿ ಕಳಿಸುತ್ತದೆ. ಬಿಗಿತದ ಜೊತೆ ಕಲಿತರೆ ಆ ಸಾಲಿನೊಳಗೆ ಬಿಗಿತವೂ ಸೇರಿಕೊಳ್ಳುತ್ತದೆ. ಆಮೇಲೆ ತೆಗೆಯುವುದು ತುಂಬಾ ಕಷ್ಟ.

ಜೂಲಿಯಾನಿಯ ಅಭ್ಯಾಸಗಳು ಇನ್ನೂರು ವರ್ಷ ಉಳಿದುಕೊಂಡದ್ದರ ಗುಟ್ಟು ನನ್ನ ಪ್ರಕಾರ ಇಲ್ಲಿದೆ. ಎಡಗೈಗೆ ಬರೀ ಎರಡು ಕಾರ್ಡ್, ಸಿ ಮತ್ತು ಜಿ7. ಗಮನವೆಲ್ಲ ಬಲಗೈಗೆ. ಹೊಸಬರು ಅದೂ ಬೇಡ ಅಂದರೆ ಖಾಲಿ ತಂತಿಗಳೇ ಸಾಕು. ತಾಳ ಬಡಿಯುವ ಮೆಟ್ರೊನೋಮ್ ಆ್ಯಪ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಒಂದು ಬಡಿತಕ್ಕೆ ಒಂದೇ ಸ್ವರ. ಮೀಟುವ ಮುಂಚೆ ಬೆರಳನ್ನು ತಂತಿಯ ಮೇಲೆ ಮೆತ್ತಗೆ ಕೂರಿಸಿ. ಬುಡದ ಗೆಣ್ಣಿನಿಂದ ಅಂಗೈ ಕಡೆಗೆ ತಳ್ಳಿ. ತಂತಿ ಜಾರಿದ ಕೂಡಲೇ ಬೆರಳನ್ನು ಪೂರ್ತಿ ಮರೆತುಬಿಡಿ, ಅದು ತಾನಾಗಿ ವಾಪಸ್ ಬರಲಿ. ನಡುಬೆರಳು ಮೀಟುವಾಗ ಉಂಗುರ ಬೆರಳು ಏನು ಮಾಡುತ್ತಿದೆ ಅಂತ ನೋಡುತ್ತಿರಿ. ಮಣಿಕಟ್ಟು ಹೆಚ್ಚು ಬಾಗದಿರಲಿ, ಒಂಬತ್ತು ರಜ್ಜುಗಳೂ ಒಂದು ನರವೂ ಅಲ್ಲಿನ ಇಕ್ಕಟ್ಟು ದಾರಿಯಲ್ಲೇ ಹಾದುಹೋಗಬೇಕು. ಇದು ಸಲೀಸಾದ ಮೇಲೆ ಎಮ್-ಎ, ಎಮ್-ಎ ಅಂತ ಬರೀ ಆ ಜಗಳಗಂಟ ಜೋಡಿಯನ್ನೇ ನುಡಿಸಿ. ಆಮೇಲೆ ಪಿ-ಎ-ಎಮ್-ಐ. ಒಂದೇ ಸ್ವರವನ್ನು ಬೇಗಬೇಗ ಮೀಟಿ ಎಡೆಬಿಡದೆ ಕೇಳಿಸುವ ಟ್ರೆಮೊಲೊಗೆ ಬೇಕಾದ ಸಾಲು ಇದೇ.

ಇವತ್ತು ಬರಲಿಲ್ಲ ಅಂತ ರಾತ್ರಿಯೆಲ್ಲ ಕೂರಬೇಡಿ. 2002ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಬೆರಳಿನಲ್ಲಿ ಒಂದು ಕೀಲಿ ಸಾಲನ್ನು ಒತ್ತುವ ಅಭ್ಯಾಸ ಮಾಡಿಸಿ ನೋಡಿದಾಗ, ಒಂದು ರಾತ್ರಿ ನಿದ್ದೆ ಮಾಡಿದವರ ವೇಗ ಹೆಚ್ಚಿಗೆ ಅಭ್ಯಾಸವಿಲ್ಲದೆಯೇ ಸುಮಾರು 20 ಶೇಕಡಾ ಏರಿತ್ತು. ಎಚ್ಚರವಿದ್ದು ಅಷ್ಟೇ ಹೊತ್ತು ಕಳೆದವರಲ್ಲಿ ಹಾಗಾಗಲಿಲ್ಲ. ನೋವು ಬಂದರೆ ನಿಲ್ಲಿಸಿ. ನೋವೇ ಇಲ್ಲದೆ ಮೀಟುವಾಗ ಮಾತ್ರ ಬೆರಳು ತಾನಾಗಿ ಒಳಗೆ ಮುದುಡುತ್ತಿದ್ದರೆ ನರರೋಗ ತಜ್ಞರನ್ನೇ ಕಾಣಿ. ಅದು ಫೋಕಲ್ ಡಿಸ್ಟೋನಿಯಾ (ಸ್ನಾಯು ನಮ್ಮ ಹಿಡಿತ ತಪ್ಪಿ ತಾನಾಗಿ ಬಿಗಿಯುವ ನರದ ತೊಂದರೆ) ಇರಬಹುದು, ಅದಕ್ಕೆ ಇನ್ನಷ್ಟು ಅಭ್ಯಾಸ ಮದ್ದಲ್ಲ.

ಬೆರಳು ಸುಧಾರಿಸಿತೋ ಇಲ್ಲವೋ ಅಂತ ಕಂಡುಕೊಳ್ಳಲು ಫೋನಿನಲ್ಲಿ ರೆಕಾರ್ಡ್ ಮಾಡಿ. ಐ-ಎಮ್-ಎ ಮೂರನ್ನೂ ಒಂದೇ ತಂತಿಯ ಮೇಲೆ ಸುತ್ತಿ ಸುತ್ತಿ ನುಡಿಸಿ, ಮಾರನೇ ದಿನ ಕಣ್ಣುಮುಚ್ಚಿ ಕೇಳಿ. ಯಾವ ಸ್ವರ ಉಂಗುರ ಬೆರಳಿನದು ಅಂತ ನಿಮಗೇ ಹೇಳಲಾಗದಿದ್ದರೆ ಮೆಟ್ರೊನೋಮ್ ಅನ್ನು 64ಕ್ಕೆ ಏರಿಸಬಹುದು.